ಅರಳೆಯ ಆಪರೇಷನ್

ಮೊದಲು ಕಂಡದ್ದು ಕೂದಲು.

ನಮ್ಮದು ಹಿರಿಯೂರಿನಲ್ಲಿ ಹಾಸಿಗೆ ಹೊಲಿಯುವ ಮನೆ. ನೆಲದ ಮೇಲೆ ಬೆಳ್ಳಗಿರುವುದು ಏನು ಬಿದ್ದಿದ್ದರೂ ಹತ್ತಿ ಎಂದುಕೊಂಡು ಗುಡಿಸಿಬಿಡುತ್ತೇವೆ. ಅವತ್ತೂ ಗುಡಿಸುತ್ತಿದ್ದೆ. ಮುಬೀನಾ ಕೈ ಹಿಡಿದು ತಡೆದಳು.

"ಇದು ಹತ್ತಿ ಅಲ್ಲ ಖಾಲಾ. ನಮ್ಮ ಅರಳೇದು ಕೂದ್ಲು."

ಅರಳೆ ಅವಳ ಮೊಲ. ಗೂಡಿನ ಮೂಲೆಯಲ್ಲಿ ಕೂತು ತನ್ನ ಎದೆಯ ಕೂದಲನ್ನು ತಾನೇ ಕಿತ್ತು ಹುಲ್ಲಿನ ಮೇಲೆ ಹಾಸುತ್ತಿತ್ತು. ಎದೆ ಬೋಳಾಗಿ ತೊಗಲು ಕಾಣುತ್ತಿತ್ತು. ಮನೆಯಲ್ಲಿ ಗಂಡು ಮೊಲ ಇಲ್ಲ, ಆದರೂ ಮರಿ ಹಾಕುವ ತಯಾರಿ. ಕೆಲವು ದಿನ ಕಳೆದು ಗೂಡಿಗೆ ಹಾಸಿದ ಪೇಪರಿನ ಮೇಲೆ ಕೆಂಪು ಕಲೆ. ಬೀಟ್‌ರೂಟ್ ಸಿಪ್ಪೆ ಹಾಕಿದ್ದೆನಲ್ಲ, ಅದರ ಬಣ್ಣ ಎಂದು ಸಮಾಧಾನ ಮಾಡಿಕೊಂಡೆ. ಸಿಪ್ಪೆ ಹಾಕುವುದನ್ನು ನಿಲ್ಲಿಸಿದೆ.

ಕಲೆ ನಿಲ್ಲಲಿಲ್ಲ.

ಊರಿನ ಪಶು ಆಸ್ಪತ್ರೆಯ ಡಾಕ್ಟರು ಮೊಲವನ್ನು ಎತ್ತಿ ನೋಡಿ ಮೆಲ್ಲಗೆ ಬುಟ್ಟಿಯಲ್ಲಿಟ್ಟರು. "ನಾನು ದನ, ಕುರಿ ನೋಡೋನು ಕಣಮ್ಮ. ಇದರ ಜೀವ ಬಾಳ ನಾಜೂಕು. ದುರ್ಗದಾಗೆ ಒಬ್ರು ಮೇಡಮ್ ಅವ್ರೆ, ಮೊಲಾನೂ ನೋಡ್ತಾರೆ. ಅಲ್ಲಿಗೆ ಕರ್ಕಂಡು ಹೋಗ್ರಿ. ತಡ ಮಾಡಬ್ಯಾಡ್ರಿ."

ಚಿತ್ರದುರ್ಗದ ಆ ಕ್ಲಿನಿಕ್ಕಿಗೆ ಹೋದೆವು. ಮೇಡಮ್ ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿದರು. ಗರ್ಭಕೋಶ ಒಂದು ಕಡೆ ದಪ್ಪಗಾಗಿದೆ, ಗೆಡ್ಡೆಯೋ ಬರೀ ಊತವೋ ತೆಗೆಯದೆ ಹೇಳುವುದು ಕಷ್ಟ, ವಯಸ್ಸಾದಂತೆ ಹೆಣ್ಣು ಮೊಲಗಳಿಗೆ ಅಲ್ಲಿ ಕ್ಯಾನ್ಸರ್ ಬರುವುದುಂಟು ಎಂದರು. "ಸ್ಪೇ ಮಾಡಿಸಿಬಿಡಿ."

"ಹಂಗಂದ್ರೆ?"

"ಗರ್ಭಕೋಶ ತೆಗೆಯೋ ಆಪರೇಷನ್. ಪೂರ್ತಿ ಅನಸ್ತೇಶಿಯಾ ಕೊಡಬೇಕಾಗುತ್ತೆ."

ನಾನು ಮುಬೀನಾಳ ಕಡೆ ನೋಡಲಿಲ್ಲ.

ಅವಳು ನನ್ನ ಅಕ್ಕ ಶಮೀಮಳ ಮಗಳು. ನಾಲ್ಕು ವರ್ಷದ ಹಿಂದೆ ಅಕ್ಕ ಸತ್ತದ್ದು ಇದೇ ಆಪರೇಷನ್ನಿನಲ್ಲಿ. ತಿಂಗಳುಗಟ್ಟಲೆ ರಕ್ತಸ್ರಾವ, ಕೊನೆಗೆ ಗರ್ಭಕೋಶ ತೆಗೆಸಲು ಒಪ್ಪಿ ನಡೆದುಕೊಂಡೇ ಒಳಗೆ ಹೋದಳು. ಎದ್ದೇಳಲಿಲ್ಲ. ಅನಸ್ತೇಶಿಯಾ ಒಗ್ಗಲಿಲ್ಲ ಎಂದರು. ಯಾರದೂ ತಪ್ಪಿರಲಿಲ್ಲ, ಹಾಗಾಗಿ ಬೈಯುವುದಕ್ಕೂ ಯಾರೂ ಇರಲಿಲ್ಲ. ಅಪ್ಪ ಮೊದಲೇ ಇಲ್ಲದ ಮಗು ನಮ್ಮ ಮನೆಗೆ ಬಂತು. ಬಂದ ಮೇಲೆ ಅವಳು ತಾಯಿಯ ಮಾತೆತ್ತಲೇ ಇಲ್ಲ. ಅಳಲೂ ಇಲ್ಲ. ಹೇಳಿದ ಕೆಲಸ ಮಾಡುತ್ತಾ, ಕೊಟ್ಟದ್ದನ್ನು ತಿನ್ನುತ್ತಾ, ಬೇರೆಯವರ ಮನೆಗೆ ಬಂದ ನೆಂಟರ ಹಾಗೆ ಇದ್ದಳು. ನನ್ನ ಗಂಡ ದಾದಾಪೀರ್ ಒಂದು ದಿನ ಸಂತೆಯಿಂದ ಮೊಲದ ಮರಿ ತಂದ. ಅದರ ಜೊತೆ ಮಾತ್ರ ಅವಳು ಬಾಯಿಬಿಟ್ಟು ಮಾತಾಡಿದಳು.

"ಈಗ ತಿನ್ತಾ ಐತೆ, ಆಡ್ತಾ ಐತೆ," ಎಂದ ಅವನು, ನಾವು ದುರ್ಗದಿಂದ ಬಂದ ರಾತ್ರಿ, ಹಾಸಿಗೆಗೆ ಹೊಲಿಗೆ ಹಾಕುತ್ತಾ. "ಅಂಥದನ್ನ ಕರ್ಕಂಡು ಹೋಗಿ ಮೇಜಿನ ಮೇಲೆ ಮಲಗ್ಸಿ, ಅದು ಏಳ್ಲಿಲ್ಲ ಅಂದ್ರೆ? ಆ ಹುಡ್ಗಿ ಮುಖ ಹೆಂಗೆ ನೋಡ್ತೀಯ?"

"ಬಿಟ್ರೆ ದಿನಾ ರಕ್ತ ಹೋಗಿ ಅವಳ ಕಣ್ಣ ಮುಂದೇನೇ ಸಾಯ್ತದೆ. ಆವಾಗ?"

ಅವನು ಸೂಜಿಗೆ ದಾರ ಪೋಣಿಸತೊಡಗಿದ.

ಆ ವಾರವೆಲ್ಲ ಬೆಳಿಗ್ಗೆ ಎದ್ದು ನನ್ನ ಮೊದಲ ಕೆಲಸ ಗೂಡಿನ ಪೇಪರ್ ನೋಡುವುದು. ಕಲೆ ಇಲ್ಲದ ದಿನ, ಆಪರೇಷನ್ ಬೇಡ. ಇರುವ ದಿನ, ಇವತ್ತೇ ಹೋಗೋಣ. ಎರಡು ಭಯಗಳ ನಡುವೆ ಓಡಾಡಿ ಸಾಕಾಗಿ, ಒಂದು ಬೆಳಿಗ್ಗೆ ಮುಬೀನಾಳನ್ನೇ ಕೇಳಿಬಿಟ್ಟೆ. ಮೊಲ ಅವಳದು, ಅವಳೇ ಹೇಳಲಿ ಎಂಬ ನೆಪ.

ಅವಳು ಮೊಲದ ಕಿವಿ ಸವರಿದಳು.

"ನೀವೇ ಹೇಳ್ರಿ ಖಾಲಾ. ನಾನು ಹೂಂ ಅಂದು ಅದಕ್ಕೇನಾದ್ರೂ ಆದ್ರೆ..."

ಹನ್ನೆರಡು ವರ್ಷದ ಮಗುವಿನ ತಲೆಯ ಮೇಲೆ ನಾನು ಇಡಹೊರಟಿದ್ದ ಭಾರ ಎಂಥದೆಂದು ಆಗ ತಿಳಿಯಿತು. ಅವಳ ಪಕ್ಕ ಕೂತೆ.

"ನಾನು ಹೇಳ್ತೀನಿ. ಮಾಡ್ಸಾಣ. ಏನಾದ್ರೂ ಆದ್ರೆ ನಾನು ಹೇಳಿದ್ದಕ್ಕೆ ಆಯ್ತು. ನೀನಲ್ಲ."

ಆಪರೇಷನ್ ದಿನ ಬಸ್ಸಿನಲ್ಲಿ ಬುಟ್ಟಿ ಅವಳ ತೊಡೆಯ ಮೇಲಿತ್ತು. ಮೊಲವನ್ನು ಉಪವಾಸ ಕೆಡವಬೇಡಿ, ಹೊಟ್ಟೆಯಲ್ಲಿ ಜೀರ್ಣ ನಿಂತರೆ ಜೀವಕ್ಕೇ ಅಪಾಯ ಎಂದು ಮೇಡಮ್ ಹೇಳಿದ್ದರು. ಐಮಂಗಲ ದಾಟುವಾಗ ಮುಬೀನಾ ಕೊತ್ತಂಬರಿ ಎಸಳು ಒಂದೊಂದೇ ಒಳಗೆ ಹಿಡಿಯುತ್ತಿದ್ದಳು. ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು: "ಅಮ್ಮಂಗೆ ನೀರೂ ಕೊಡಬ್ಯಾಡ ಅಂದಿದ್ರು. ಬಾಯಾರಿಕೆ ಅಂತ ಕೇಳಿದ್ಲು. ನಾನು ಕೊಡ್ಲಿಲ್ಲ."

ಅಮ್ಮ ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು, ಅಕ್ಕ ಹೋದಮೇಲೆ, ಅದೇ ಮೊದಲು.

"ಕೊಡದೇ ಇದ್ದದ್ದೇ ಸರಿ ಕಣೆ. ಡಾಕ್ಟ್ರು ಹೇಳಿದ್ದಲ್ವಾ," ಎಂದೆ. ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಕ್ಲಿನಿಕ್ಕಿನಲ್ಲಿ ಅವಳು ಮೇಡಮ್ಮನ್ನೇ ಕೇಳಿದಳು. "ಏಳ್ತದಾ?"

ಮೇಡಮ್ ಅವಳ ಎತ್ತರಕ್ಕೆ ಬಗ್ಗಿದರು. "ಹೆಚ್ಚಿನವು ಏಳ್ತವೆ ಪುಟ್ಟಾ. ಎಲ್ಲಾ ಏಳ್ತವೆ ಅಂತ ಸುಳ್ಳು ಹೇಳಲ್ಲ. ನಾನು ಪಕ್ಕದಲ್ಲೇ ಇರ್ತೀನಿ."

ಬಾಗಿಲು ಮುಚ್ಚಿತು. ನಾವು ಬೆಂಚಿನ ಮೇಲೆ ಕೂತೆವು. ಎದುರಿಗೆ ಒಬ್ಬರು ನಾಯಿಮರಿಯನ್ನು ಚುಚ್ಚುಮದ್ದಿಗೆ ತಂದಿದ್ದರು, ಅದು ಆಡುತ್ತಿತ್ತು. ಇಂಥದೇ ಒಂದು ಬೆಂಚಿನ ಮೇಲೆ ಅಕ್ಕನಿಗಾಗಿ ಕೂತಿದ್ದೆ. ಬಾಗಿಲು ತೆರೆದಾಗ ಬಂದವರ ಮುಖ ನೋಡಿಯೇ ತಿಳಿದುಹೋಗಿತ್ತು. ಈ ಸಲ ಮುಖ ನೋಡುವ ಧೈರ್ಯವಿಲ್ಲದೆ, ಬಾಗಿಲು ತೆರೆದಾಗ ಮೇಡಮ್ ಅವರ ಚಪ್ಪಲಿಯನ್ನೇ ನೋಡುತ್ತಿದ್ದೆ.

"ಆಪರೇಷನ್ ಆಯ್ತು. ಗರ್ಭಕೋಶದಲ್ಲಿ ಗೆಡ್ಡೆ ಇತ್ತು, ತೆಗೆದಿದೀವಿ. ಉಸಿರಾಡ್ತಿದೆ. ಎಚ್ಚರ ಮಾತ್ರ ಇನ್ನೂ ಆಗಿಲ್ಲ."

ಎಚ್ಚರ ಆಗಿಲ್ಲ.

ಒಳಗೆ ಕರೆದರು. ಬಿಸಿನೀರಿನ ಚೀಲದ ಪಕ್ಕ, ಟವಲಿನಲ್ಲಿ, ಹಿಡಿಯಷ್ಟು ದೇಹ. ಹೊಟ್ಟೆ ಬೋಳಿಸಿದ್ದರು. ಮುಬೀನಾ ಬಗ್ಗಿ ಅದರ ಕಿವಿಯ ಹತ್ತಿರ ಏನೋ ಹೇಳುತ್ತಲೇ ಇದ್ದಳು, ನನಗೆ ಕೇಳಿಸಲಿಲ್ಲ. ನಾನು ಗೋಡೆಗೆ ಒರಗಿ ದುವಾ ಮಾಡುತ್ತಿದ್ದೆ. ಇದೊಂದನ್ನು ಅವಳಿಗೆ ಬಿಟ್ಟುಕೊಡು ಎಂದು ಬೇಡಿದೆ. ಎಷ್ಟೋ ಹೊತ್ತಿನ ಮೇಲೆ ಮೂಗು ಅಲುಗಿತು. ಆಮೇಲೆ ಒಂದು ಕಿವಿ.

ಮನೆಗೆ ಬಂದ ಮೇಲೂ ಗಂಡಾಂತರ ಮುಗಿಯಲಿಲ್ಲ. ಅರಳೆ ತಿನ್ನಲಿಲ್ಲ. ಸಿರಿಂಜಿನಲ್ಲಿ ಗಂಜಿಯಂಥ ಆಹಾರ ಹಾಕಿದರೆ ಗಲ್ಲದ ಮೇಲೆ ಹರಿಯುತ್ತಿತ್ತು. ತಿಂದು ಹಿಕ್ಕೆ ಹಾಕಿದರೆ ಮಾತ್ರ ಉಳಿಯಿತು ಎಂದು ನಂಬಿ ಎಂದಿದ್ದರು ಮೇಡಮ್. ಬೇಡ ಎಂದಿದ್ದ ದಾದಾಪೀರನೇ ಹೊಸ ಹತ್ತಿ ಹಿಂಜಿ ಮೆತ್ತನೆಯ ಪುಟ್ಟ ಹಾಸಿಗೆ ಹೊಲಿದು ಗೂಡಿನಲ್ಲಿಟ್ಟ. ಮಾರನೆಯ ದಿನ ಮಧ್ಯಾಹ್ನ ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಮುಬೀನಾ ಓಡಿ ಬಂದು ಅಂಗೈ ಚಾಚಿದಳು. ಮೆಣಸಿನ ಕಾಳಿನಷ್ಟು ಸಣ್ಣ, ಒಣಗಿದ ಎರಡು ಹಿಕ್ಕೆ.

ಆಮೇಲೆ ಅವಳು ಅತ್ತಳು. ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿ ಅವಳನ್ನು ಎಳೆದುಕೊಂಡೆ. ಆ ಅಳು ಮೊಲಕ್ಕೆ ಮಾತ್ರ ಆಗಿರಲಿಲ್ಲ. ನನ್ನದೂ.

ಮೇಡಮ್ ಈಗಲೂ ಪೂರ್ತಿ ಭರವಸೆ ಕೊಟ್ಟಿಲ್ಲ. ಗೆಡ್ಡೆ ಬೇರೆ ಕಡೆ ಹಬ್ಬಿದೆಯೋ ಇಲ್ಲವೋ ಕಾಲವೇ ಹೇಳಬೇಕು, ಆಗಾಗ ತಂದು ತೋರಿಸಿ ಎಂದಿದ್ದಾರೆ. ಸರಿ. ಈಗಂತೂ ಗಾಯ ಮಾಗಿದೆ, ಅರಳೆ ಮನೆಯೆಲ್ಲ ಓಡಾಡುತ್ತದೆ.

ನಿನ್ನೆ ತಲೆ ಬಾಚುವಾಗ ಮುಬೀನಾ ಕೇಳಿದಳು, "ಖಾಲಾ, ಅಮ್ಮ ಚಿಕ್ಕೋಳಿದ್ದಾಗ ಹೆಂಗಿದ್ಲು?"

"ಬಲೇ ತುಂಟಿ," ಎಂದೆ. ಜಡೆ ಹಾಕಿ ಮುಗಿದಿತ್ತು. ಅವಳು ಏಳಲಿಲ್ಲ. ನಾನು ಜಡೆ ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆಯುತ್ತಾ, ಅಕ್ಕನ ಬಗ್ಗೆ ಹೇಳತೊಡಗಿದೆ.