ಖುರ್ಷಿದ್ ಪಾಷಾ ಗುರುತು ಹಾಕಿದ ಗುಡ್ಡ

ಖುರ್ಷಿದ್ ಪಾಷಾ ತೀರಿಕೊಂಡು ಮೊನ್ನೆಗೆ ನಲವತ್ತು ದಿನ. ತುಮಕೂರಿನ ಮರಳೂರು ಬಡಾವಣೆಯ ಅವನ ಮನೆಯಲ್ಲಿ ನಲವತ್ತನೇ ದಿನದ ಊಟಕ್ಕೆ ಕುಳಿತಿದ್ದಾಗ ಪಕ್ಕದವರು, "ನಿಮ್ಮ ಸ್ನೇಹಿತರು ಒಳ್ಳೆ ಟೈಲರ್" ಎಂದರು. ಹೌದು, ನಮ್ಮ ಹೈಸ್ಕೂಲಿನ ಯೂನಿಫಾರಂಗಳನ್ನು ಇಪ್ಪತ್ತು ವರ್ಷ ಹೊಲಿದವನು ಅವನೇ. ಆದರೆ ಹೇಳಬೇಕಾದದ್ದು ಅಷ್ಟೇ ಅಲ್ಲ. ಅಲ್ಲಿ ತಲೆಯಾಡಿಸಿ, ಊಟ ಮುಗಿಸಿ ಎದ್ದು ಬಂದೆ.

ಭಾನುವಾರ ಅಂಗಡಿ ಮುಚ್ಚಿ ಗುಡ್ಡ ಸುತ್ತುವುದು ಪಾಷಾನ ಹುಚ್ಚು. ವಾರವಿಡೀ ಮಿಷನ್ನಿನ ಮೇಲೆ ಬಗ್ಗಿದ ಬೆನ್ನಿಗೆ ಅದೇ ಔಷಧಿ ಎನ್ನುತ್ತಿದ್ದ. ಕುಣಿಗಲ್ ರಸ್ತೆಯಲ್ಲಿ ಒಂದು ಆಲದ ಮರದ ಸ್ಟಾಪಿದೆ. ಅಲ್ಲಿಂದ ಆಚೆ ಒಂದಕ್ಕೊಂದು ಅಂಟಿಕೊಂಡ ಮೂರು ಬೋಳುಗುಡ್ಡಗಳು. ಮರಗಳಿಲ್ಲ, ಬರೀ ಹುಲ್ಲು, ಬಂಡೆ, ಗಾಳಿ. ಆಲದ ಮರದಿಂದ ಹೊರಟು, ಮೂರನ್ನೂ ದಾಟಿ, ಹಿಂಬದಿಯಿಂದ ಇಳಿದು ಮತ್ತೆ ಆಲದ ಮರಕ್ಕೇ ಬರುವುದು ಅವನ ಸುತ್ತು. "ಹೋದ ದಾರೀಲೇ ವಾಪಸ್ ಬರೋದು ಹಾಕಿದ್ ಹೊಲಿಗೆ ಬಿಚ್ದಂಗೆ, ಮೇಷ್ಟ್ರೇ" ಎನ್ನುತ್ತಿದ್ದ.

ನಮ್ಮ ಶಾಲೆಯ ಹುಡುಗರನ್ನು ಪ್ರತಿ ಡಿಸೆಂಬರಿನಲ್ಲಿ ಡ್ರಿಲ್ ಮೇಷ್ಟ್ರು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದರು. ಹುಡುಗಿಯರಿಗೆ ಅದಿರಲಿಲ್ಲ. ಪಾಷಾನ ಮಗಳು ಐಮನ್ ತೊಂಬತ್ತೆಂಟರಲ್ಲಿ ಒಂಬತ್ತನೇ ಕ್ಲಾಸು. ಒಂದು ಸಂಜೆ ಅಂಗಡಿಯಲ್ಲಿ ನನ್ನೆದುರೇ ಅಪ್ಪನನ್ನು ಕೇಳಿದಳು: "ನೀವು ವಾರ ವಾರ ಹೋಗ್ತೀರ. ನಾವ್ಯಾಕೆ ಹೋಗ್ಬಾರ್ದು?" ಪಾಷಾ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದ.

ಇಬ್ಬರೂ ಮನೆಮನೆಗೆ ಹೋದೆವು. ಶೆಟ್ಟಿಹಳ್ಳಿಯಲ್ಲಿ ಹೂ ಮಾರುವ ಚಿಕ್ಕಗಂಗಮ್ಮನದೇ ದೊಡ್ಡ ತಕರಾರು. ಅವಳ ಮಗಳು ಕೋಮಲಾ ಐಮನ್ ಗೆಳತಿ. ಉಳಿದ ತಾಯಂದಿರೆಲ್ಲ ಚಿಕ್ಕಗಂಗಮ್ಮ ಏನನ್ನುತ್ತಾಳೋ ಎಂದು ಕಾಯುತ್ತಿದ್ದರು.

"ಗಂಡುಡುಗ್ರು ಯಾವಾಗ್ ಬಂದ್ರೂ ಯಾರೂ ಕೇಳಲ್ಲ ಸಾಬ್ರೇ. ಹೆಣ್ಮಕ್ಳು ಹೊತ್ತು ಮುಳುಗಿದ್ಮೇಲೆ ಬಂದ್ರೆ ಬೀದಿಗೇ ಬಾಯಿ ಬರ್ತದೆ."

"ಐದು ಗಂಟೆ ಬಸ್ಸಿಗೆ ಹತ್ತಿಸ್ತೀನಿ ಅಕ್ಕ."

"ತಪ್ಪಿದ್ರೆ?"

"ತಪ್ಪಿದ್ರೆ ಇನ್ನೊಂದ್ಸಲ ಯಾರ ಮನೆ ಬಾಗಿಲಿಗೂ ಬರಲ್ಲ. ನನ್ ಮಗಳನ್ನೂ ಕಳ್ಸಲ್ಲ."

ಆ ಮಾತಿನ ಮೇಲೆ, ಡಿಸೆಂಬರಿನ ಒಂದು ಭಾನುವಾರಕ್ಕೆ, ಹತ್ತೊಂಬತ್ತು ಹುಡುಗಿಯರು ಸಿಕ್ಕರು.

ಗೆರೆ ಎಳೆಯದೆ ಬಟ್ಟೆಗೆ ಕತ್ತರಿ ಹಾಕಿದವನಲ್ಲ ಪಾಷಾ. ಹಿಂದಿನ ಭಾನುವಾರ ಒಬ್ಬನೇ ಹೋಗಿ, ದಾರಿಯೇ ಇಲ್ಲದ ಹಿಂಬದಿಯ ಇಳಿಜಾರಿನಲ್ಲಿ, ತಾನು ಇಳಿಯುವ ಕಡಿದಾದ ಜಾಡು ಹುಡುಗಿಯರಿಗೆ ಆಗದೆಂದು ಸುಲಭದ ಹೊಸದೊಂದನ್ನು ಹುಡುಕಿ, ಬಂಡೆಯಿಂದ ಬಂಡೆಗೆ ತನ್ನ ಟೈಲರ್ ಸೀಮೆಸುಣ್ಣದಿಂದ ಬಿಳಿ ಗೀಟು ಹಾಕಿ ಬಂದ. ಹೊರಡುವ ಹಿಂದಿನ ಸಂಜೆ ಹುಡುಗಿಯರ ಉದ್ದ ಲಂಗಗಳನ್ನೆಲ್ಲ ತರಿಸಿಕೊಂಡು, ಅಂಚನ್ನು ಮೊಣಕಾಲ ಕೆಳಗಿನವರೆಗೆ ಮಡಚಿ ಕಚ್ಚಾ ಹೊಲಿಗೆ ಹಾಕಿಕೊಟ್ಟ. ಮುಳ್ಳಿಗೆ ಸಿಕ್ಕಬಾರದು, ಎಳೆದರೆ ದಾರ ಬಿಚ್ಚಿಕೊಳ್ಳಬೇಕು.

ಬೆಳಿಗ್ಗೆ ಏಳೂವರೆಗೆ ಆಲದ ಮರದಿಂದ ಹತ್ತಿದೆವು. ಹುಡುಗಿಯರು ಮೊದಲ ಗುಡ್ಡವನ್ನು ಓಡಿಕೊಂಡೇ ಏರಿದರು. ಎರಡನೆಯದರ ನೆತ್ತಿಯಲ್ಲಿ ಗಾಳಿಗೆ ಎದೆಯೊಡ್ಡಿ ಕಿರುಚಿದರು. ಬೈಯಲು ಅಲ್ಲಿ ಯಾರೂ ಇರಲಿಲ್ಲ. ಮೂರನೆಯದರ ಮೇಲೆ ಬುತ್ತಿ ಬಿಚ್ಚಿದಾಗ ಒಂದೂವರೆ. ಪಾಷಾ ಬಂಡೆಯ ಮೇಲೆ ಟವಲ್ ಹಾಸಿ ನಮಾಜು ಮುಗಿಸಿ ಬಂದು, "ಇನ್ನು ಎರಡೇ ಗಂಟೆ ಇಳಿಯೋದು" ಎಂದ.

ಇಳಿಯಲು ಹೋದರೆ ಮೊದಲ ಬಂಡೆಯಲ್ಲಿ ಗೀಟಿಲ್ಲ. ಎರಡನೆಯದರಲ್ಲೂ ಇಲ್ಲ. ಒಂದು ಕಡೆ ಇಳಿದೆವು, ಜಾರುಬಂಡೆ. ಇನ್ನೊಂದು ಕಡೆ ಹೋದೆವು, ಲಂಟಾನದ ಪೊದೆ. ಎರಡು ಸಲವೂ ವಾಪಸ್ ಹತ್ತಬೇಕಾಯಿತು. ಗಂಟೆ ಮೂರಾಗಲು ಬಂತು. ಬಂದ ದಾರಿಗೆ ತಿರುಗಿದರೆ ಕತ್ತಲೆಯೇ ಗತಿ.

"ಪಾಷಾ ಅಂಕಲ್, ಅಳತೆ ತಪ್ಪೋಯ್ತಾ?" ಎಂದು ಒಬ್ಬಳು ನಕ್ಕಳು. ಕೋಮಲಾ ನಗಲಿಲ್ಲ. "ನಮ್ಮಮ್ಮ ಇನ್ನು ಅಂಗಡಿಗೂ ಕಳ್ಸಲ್ಲ ಕಣೇ" ಎಂದು ಐಮನ್ ಕೈ ಹಿಡಿದಳು. ಪಾಷಾ ಬಂಡೆಯ ಮೇಲೆ ಅಂಗೈ ಒರೆಸಿ ಒರೆಸಿ ನೋಡುತ್ತಿದ್ದ. ಅವನ ಮುಖ ಅಷ್ಟು ಬಾಡಿದ್ದನ್ನು ನಾನು ಮೊದಲ ಬಾರಿ ಕಂಡೆ.

ಆಗ ಕುರಿಗಳ ಹಿಂದೆ ಒಬ್ಬ ಮುದುಕ ಬಂದ. ಹೆಗಲಲ್ಲಿ ಕಂಬಳಿ, ಕೈಯಲ್ಲಿ ಕೋಲು. ಹೆಸರು ಮೂಡಲಗಿರಿಯಪ್ಪ ಎಂದು ಆಮೇಲೆ ತಿಳಿಯಿತು.

"ಯಾರ್ರಪ್ಪಾ ನೀವು? ಕಲ್ ಒಡ್ಯೋರಾ?"

"ಇಷ್ಟ್ ಹೆಣ್ಮಕ್ಳನ್ನ ಕಟ್ಕಂಡು ಕಲ್ ಒಡ್ಯಕ್ ಬರ್ತಾರಾ ಯಜಮಾನ್ರೇ? ದಾರಿಗೆ ಅಂತ ಬಿಳೀ ಗೀಟು ಹಾಕಿದ್ದೆ, ಕಾಣ್ತಿಲ್ಲ."

ಮುದುಕ ಕೋಲು ಊರಿ ನಿಂತ. "ನಿಮ್ದಾ ಅವು? ಕ್ವಾರಿಯೋರು ಬಂಡೆ ಸಿಡ್ಸಕ್ಕೆ ಗುರ್ತು ಮಾಡವ್ರೆ ಅಂದ್ಕಂಡೆ. ಬಂಡೆ ಹೋದ್ರೆ ನನ್ ಕುರಿಗೆ ನೆಳ್ಳೆಲ್ಲಿ? ಟವಲ್ ನೆನೆಸ್ಕಂಡು ಎಲ್ಲಾ ಒರಸಾಕ್ದೆ. ಒಂದೂ ಬುಡ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಏನೋ ಅನ್ನಲು ಬಾಯಿ ತೆರೆದೆ. ಪಾಷಾ ನನ್ನ ತೋಳು ಹಿಡಿದ. ಅವನ ಮುಖ ಅರಳಿತ್ತು.

"ಒಂದೂ ಬಿಡ್ಲಿಲ್ವಾ?"

"ನಲವತ್ತು ಒರಸ್ದೆ. ಎಣಿಸ್ಕಂಡೇ ಒರಸ್ದೆ."

"ನಾನು ಹಾಕಿದ್ದು ನಲವತ್ತೊಂದು."

"ಹಂಗಾರೆ ಒಂದು ಉಳ್ಕಂಡದೆ" ಎಂದ ಮುದುಕ, ನೊಂದವನಂತೆ.

"ಎಲ್ಲೆಲ್ಲಿ ಒರಸಿದ್ರಿ, ನೆನಪಿದ್ಯಾ?"

"ಇಲ್ದೆ ಏನು? ಬಗ್ಗಿ ಬಗ್ಗಿ ಸೊಂಟ ಇನ್ನೂ ನೋಯ್ತದೆ."

"ಹಾಗಾದ್ರೆ ಮುಂದೆ ನಡೀರಿ. ಒಂದೊಂದೂ ತೋರಿಸ್ಬೇಕು."

ಮುದುಕ ಮುಂದೆ, ಕುರಿಗಳು ಅವನ ಹಿಂದೆ, ಕುರಿಗಳ ಹಿಂದೆ ಹತ್ತೊಂಬತ್ತು ಹುಡುಗಿಯರು. "ಇದು ಒಂದು... ಇದು ಎಲ್ಡು..." ಎಂದು ಅವನು ಕೋಲಿನಿಂದ ಕುಟ್ಟಿದ ಬಂಡೆಗೆಲ್ಲ ಪಾಷಾ ಹೊಸ ಗೀಟು ಎಳೆದ. ಹುಡುಗಿಯರೂ ಎಣಿಕೆಗೆ ದನಿ ಸೇರಿಸಿದರು. ನಲವತ್ತು ಮುಗಿದಾಗ ಆಲದ ಮರ ಕಾಣಿಸಿತು. ರಸ್ತೆ ಬದಿಯ ಗುಂಡುಕಲ್ಲಿನ ಹಿಂಬದಿಯಲ್ಲಿ, ಹುಲ್ಲಿನ ಮರೆಯಲ್ಲಿ, ನಲವತ್ತೊಂದನೆಯದು ಹಾಗೇ ಇತ್ತು. ಮುದುಕ ಬಗ್ಗಿ ನೋಡಿ, "ಇದೊಂದು ನನ್ ಕಣ್ ತಪ್ಪುಸ್ಬುಡ್ತು ನೋಡು" ಎಂದ.

ನಾಲ್ಕು ಐವತ್ತು. ಪಾಷಾ ನೆಲದಲ್ಲಿ ಮಂಡಿಯೂರಿ ಒಬ್ಬೊಬ್ಬಳ ಲಂಗದ ದಾರ ಎಳೆಯುತ್ತಾ ಬಂದ. ಕೊನೆಯ ಲಂಗದ ಅಂಚು ಪಾದಕ್ಕೆ ಬೀಳುವಾಗ ಬಸ್ಸಿನ ಹಾರನ್ ಕೇಳಿಸಿತು.

ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಗಂಗಮ್ಮ ಆಗಲೇ ಬಂದು ನಿಂತಿದ್ದಳು. ಮಗಳ ಮುಖ ನೋಡಲಿಲ್ಲ, ಮೊದಲು ಲಂಗದ ಅಂಚನ್ನು ಸುತ್ತಲೂ ತಿರುಗಿಸಿ ನೋಡಿದಳು. ಎಲ್ಲೂ ಹರಿದಿರಲಿಲ್ಲ. "ಮುಂದಿನ್ ವರ್ಷ ಎಂದು?" ಎಂದು ಪಾಷಾನನ್ನು ಕೇಳಿದಳು.

ಹುಡುಗಿಯರ ಈ ವರ್ಷಕ್ಕೊಂದು ಸುತ್ತಿಗೆ ಹೋದ ಡಿಸೆಂಬರಿಗೆ ಹತ್ತು ವರ್ಷವಾಯಿತು. ರಂಜಾನ್ ಡಿಸೆಂಬರಿಗೆ ಬಂದ ವರ್ಷಗಳಲ್ಲಿ ಪಾಷಾ ಉಪವಾಸದಲ್ಲೇ ಮೂರು ಗುಡ್ಡ ಹತ್ತಿದ. ಕೊನೆಯ ಸಲ ಉಸಿರು ಸಾಲದೆ ಅವನು ಆಲದ ಮರದ ಕೆಳಗೇ ಕುಳಿತ. ಈಗ ಗುಬ್ಬಿಯ ಶಾಲೆಯೊಂದರಲ್ಲಿ ಟೀಚರಾಗಿರುವ ಐಮನ್ ಹುಡುಗಿಯರ ಮುಂದೆ ನಡೆದಳು, ನಾನು ಹಿಂದೆ. ಬಂಡೆಗಳ ಮೇಲೆ ಗೀಟುಗಳು ಅಚ್ಚ ಬಿಳುಪಾಗಿದ್ದವು. ಮಳೆಗಾಲ ಮುಗಿದ ಕೂಡಲೇ ಮೂಡಲಗಿರಿಯಪ್ಪ ಸುಣ್ಣ ಬಳಿದಿಡುತ್ತಾನೆ, ನಲವತ್ತೊಂದಕ್ಕೂ. ನಾಲ್ಕೂವರೆಗೆ ನಾವು ಇಳಿದು ಬಂದಾಗ ಪಾಷಾ ಎದ್ದು ನಿಂತು, ತಲೆ ಎಣಿಸಿ, ಗಡಿಯಾರ ನೋಡಿಕೊಂಡ.

ಹತ್ತು ವರ್ಷದಲ್ಲಿ ಒಂದು ಸಲವೂ ಐದರ ಬಸ್ಸು ತಪ್ಪಲಿಲ್ಲ. ಊಟಕ್ಕೆ ಕುಳಿತಿದ್ದವರಿಗೆ ನಾನು ಹೇಳಬೇಕಾಗಿದ್ದದ್ದು ಇದು.