ಕಣ್ಣು ಮುಚ್ಚಿ ಬರೆದ ವಿಮರ್ಶೆ

ದೆವ್ವದ ಸಿನಿಮಾಗಳಿಗೆ ವಿಮರ್ಶೆ ಬರೆಯುತ್ತಿದ್ದ ನಾನು ಒಂದೇ ಒಂದು ದೆವ್ವವನ್ನೂ ನೆಟ್ಟಗೆ ನೋಡಿದವನಲ್ಲ. ಪಿಟೀಲು ಕೀರಲು ಶುರುವಾದರೆ ಸಾಕು, ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಈ ಗುಟ್ಟು ನನ್ನ ಹೆಂಡತಿಗೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ವಿಮಾ ಕಚೇರಿಯಲ್ಲಿ ಕೆಲಸ, ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ನಮ್ಮ ಕನ್ನಡ ಸಂಘ ತಿಂಗಳಿಗೊಮ್ಮೆ ಎಂಟು ಪುಟದ ಪತ್ರಿಕೆ ತರುತ್ತಿತ್ತು. ಅದರ ಕೊನೆಯ ಪುಟ ನನ್ನದು. ಹೊಡೆದಾಟದ್ದೋ ದೆವ್ವದ್ದೋ ಇಂಗ್ಲಿಷ್ ಸಿನಿಮಾಕ್ಕೆ ಹೋಗಿ, ಅರ್ಧ ಮಾತು ಅರ್ಥವಾಗದೆ ಬಂದು, 'ನೆರಳು ಬೆಳಕಿನ ವಿನ್ಯಾಸದಲ್ಲಿ ಆಧುನಿಕ ಮನುಷ್ಯನ ಆತಂಕ' ಎಂದೆಲ್ಲ ಬರೆಯುತ್ತಿದ್ದೆ. ಯಾರೂ ಓದಿದ ಹಾಗೆ ಕಾಣಲಿಲ್ಲ. ಬೇಡ ಎಂದವರೂ ಇಲ್ಲ. ನನಗೆ ಅಷ್ಟು ಸಾಕಾಗಿತ್ತು, ಕೆಳಗಿನ ಮನೆಯ ಕಮಲಮ್ಮನವರು ಬರೆಯುವ ತನಕ.

ಕಮಲಮ್ಮನವರು ಮೈಸೂರಿನವರು. ಗಂಡನ ರೈಲ್ವೆ ನೌಕರಿಯ ದೆಸೆಯಿಂದ ಇಲ್ಲಿಗೆ ಬಂದು ಮೂವತ್ತು ವರ್ಷವಾಗಿತ್ತು. ಅದೇ ಸಿನಿಮಾಗಳ ತಮಿಳು ಡಬ್ಬಿಂಗನ್ನು ಮಧ್ಯಾಹ್ನ ಟೀವಿಯಲ್ಲಿ, ಹುರುಳಿಕಾಯಿ ಸೋಸುತ್ತಾ ನೋಡುತ್ತಿದ್ದರು. ಸಂಪಾದಕ ರಾಮರಾಯರು ಒಮ್ಮೆ ಸುಮ್ಮನೆ ಕೇಳಿದ್ದಕ್ಕೆ ಗೀಚಿಕೊಟ್ಟರಂತೆ: 'ಹೀರೋ ಹೆಲಿಕಾಪ್ಟರಿನಿಂದ ಬಿದ್ದ. ಕ್ರಾಪು ಕೆದರಲಿಲ್ಲ. ಯಾವ ಎಣ್ಣೆ ಅಂತ ಯಾರಾದರೂ ವಿಚಾರಿಸಿ ಹೇಳಿ.'

ಇಡೀ ಸಂಘ ಬಿದ್ದು ಬಿದ್ದು ನಕ್ಕಿತು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ಅಷ್ಟೊಂದು ವಿಮರ್ಶೆ ಬರೆದ ನನಗೆ ಒಂದು ದಿನವೂ ಆ ನಗು ದಕ್ಕಿರಲಿಲ್ಲ. ಹೊಟ್ಟೆ ಉರಿದುಹೋಯಿತು, ಮುಚ್ಚುಮರೆ ಯಾಕೆ? ನಮ್ಮ ಹಳೆಯ ಲಾಕ್ಷಣಿಕರು ಭಯವನ್ನು ಸ್ಥಾಯಿಭಾವ ಎಂದರು, ಅಸೂಯೆಯನ್ನು ಸಂಚಾರಿಭಾವ, ಅಂದರೆ ಬಂದು ಹೋಗುವಂಥದ್ದು, ಎಂದರು. ಪಾಪ, ಅವರ ಮನೆಯ ಕೆಳಗೆ ಕಮಲಮ್ಮನವರಿರಲಿಲ್ಲ. ನನ್ನ ಭಯ ಥಿಯೇಟರಿನ ದೀಪ ಹತ್ತಿದೊಡನೆ ಹೋಗುತ್ತಿತ್ತು. ಅಸೂಯೆ ಮಾತ್ರ ಅವರ ಸಾರಿನ ಒಗ್ಗರಣೆಯ ಜೊತೆ ದಿನವೂ ಮೆಟ್ಟಿಲು ಹತ್ತಿ ಬರುತ್ತಿತ್ತು.

ಅಷ್ಟರಲ್ಲಿ ರಾಮರಾಯರು, "ಸಿನಿಮಾಕ್ಕೆ ಇರೋದು ಒಂದೇ ಪುಟ. ಇಬ್ರೂ ಒಂದೇ ಸಿನಿಮಾ ನೋಡಿ ಬರೀರಿ. ಯಾರದ್ದು ಚೆನ್ನಾಗಿರುತ್ತೋ ಇನ್ಮೇಲೆ ಪುಟ ಅವರದ್ದು" ಎಂದುಬಿಟ್ಟರು.

ಎಗ್ಮೋರ್ ಕಡೆಯ ಒಂದು ಥಿಯೇಟರ್, ಭಾನುವಾರದ ಮ್ಯಾಟಿನಿ, ತಮಿಳು ಮಾತಾಡುವ ಅಮೆರಿಕದ ದೆವ್ವ. ಪಕ್ಕದಲ್ಲಿ ಕಮಲಮ್ಮನವರು, ಅವರ ಮಡಿಲಲ್ಲಿ ಚಕ್ಕುಲಿ ಡಬ್ಬಿ. ಪಿಟೀಲು ಕೀರಿತು. ನಾನು ಕಣ್ಣು ಮುಚ್ಚಿದೆ. ಅವರು ಬಾಯಿ ತೆರೆದರು.

"ಅಯ್ಯೋ, ಒಬ್ಬಳೇ ಮಹಡಿಗೆ ಹೋಗ್ತಿದಾಳಲ್ಲಪ್ಪಾ! ಲೈಟು ಹಾಕ್ಕೊಳ್ಳೇ ಹುಡುಗಿ! ಹೂಂ, ಬಂತು ದೆವ್ವ. ಪಾವಂ, ಅದಕ್ಕೆ ತಲೆ ಬಾಚೋರೇ ಇಲ್ಲ. ಇವಳು ಬಾತ್‌ರೂಮಲ್ಲಿ ಅವಿತ್ಕೊಂಡ್ಳು. ಚಿಲಕ ಹಾಕಿಲ್ಲ ನೋಡಿ!"

ಎರಡು ಗಂಟೆ ನಾನು ಕಣ್ಣು ಮುಚ್ಚಿಕೊಂಡೇ ನಕ್ಕೆ.

ಮನೆಗೆ ಬಂದು ಒಂದೇ ಉಸಿರಿಗೆ ಬರೆದೆ: ದೀಪ ಹಾಕದ ಹುಡುಗಿ, ಬಾಚದ ತಲೆ, ಹಾಕದ ಚಿಲಕ. ಎಲ್ಲ ಅವರ ಮಾತೇ ಎಂದು ಗೊತ್ತಿದ್ದೂ ಕೈ ನಿಲ್ಲಲಿಲ್ಲ. ಹೆಂಡತಿ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದನ್ನು ನೋಡಿದ ಮೇಲೆ, ಇದು ನನ್ನದಲ್ಲ ಕಣೇ ಎನ್ನುವ ಧೈರ್ಯ ಬರಲಿಲ್ಲ. ರಾಮರಾಯರೂ ಬೆನ್ನು ತಟ್ಟಿ, ಪುಟ ನಿಮ್ಮದೇ ಎಂದರು.

"ಕಮಲಮ್ಮನವರದ್ದು?" ಎಂದೆ. ರಾಯರು ಒಂದು ಚೀಟಿ ಕೊಟ್ಟರು.

'ಈ ಸಲ ಬರೆಯಲಾಗಲಿಲ್ಲ. ಪಕ್ಕದ ಸೀಟಿನಲ್ಲಿ ಯಾರೋ ಪಾಪ ಹೆದರಿ ಕಣ್ಣು ಮುಚ್ಚಿಕೊಂಡಿದ್ದರು. ಅವರಿಗೆ ಕಥೆ ಹೇಳುವುದರಲ್ಲೇ ಸಿನಿಮಾ ಮುಗಿಯಿತು. ದೆವ್ವಕ್ಕಿಂತ ಅವರನ್ನು ನೋಡಿದ್ದೇ ಹೆಚ್ಚು.'

"ಯಾವುದೋ ಮಗು ಇರಬೇಕು" ಎಂದರು ರಾಮರಾಯರು.

ಆ ನಾಲ್ಕು ಸಾಲೂ ನನ್ನ ಇಡೀ ಪುಟಕ್ಕಿಂತ ಚೆನ್ನಾಗಿದ್ದವು. ಮತ್ತೆ ಹೊಟ್ಟೆ ಉರಿಯಿತು.

"ನನ್ನ ಲೇಖನಕ್ಕೆ ಅವರ ಹೆಸರು ಹಾಕಿ ರಾಯರೇ, ಎಲ್ಲಾ ಅವರದ್ದೇ ಮಾತು" ಎಂದೆ. "ಕೆಳಗೆ ಈ ಚೀಟೀನೂ ಅಚ್ಚು ಹಾಕಿ. ಆ ಮಗು ನಾನೇ ಅಂತಲೂ ಬರೀರಿ."

ಆ ತಿಂಗಳು ಪತ್ರಿಕೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಎರಡು ಸಲ ನಕ್ಕಳು. ಎರಡನೆಯ ನಗು ಮಾತ್ರ ಪೂರ್ತಿ ನನ್ನದು.