ಅರಿಶಿನದ ಕಡ್ಡಿ ಮತ್ತು ಬು ಪಾರ್ಯಾತಿ ಅವರ ಸಹಿ

ತಿನ್ನುವ ಪದಾರ್ಥಕ್ಕೆ ಏನನ್ನು ಬೆರೆಸಬಹುದು, ಏನನ್ನು ಬೆರೆಸಬಾರದು ಎಂಬ ವಿಚಾರದಲ್ಲಿ ನಮ್ಮ ಕಾಲಿವೆನಿಂಗ್ ಜಿಲ್ಲೆಯಲ್ಲಿ ಮೂರೂವರೆ ದಶಕಗಳಿಂದ ನಡೆದ ವಾಗ್ವಾದಗಳನ್ನು ಯಾರಾದರೂ ಬರೆದಿಡುವುದಾದರೆ, ಅದರ ಪ್ರತಿ ಪುಟದಲ್ಲೂ ನಾವೆಲ್ಲ ‘ಬು’, ಅಂದರೆ ಅಮ್ಮ, ಎಂದು ಕರೆಯುವ ಪಾರ್ಯಾತಿ ಅವರ ಹೆಸರು ಬರಲೇಬೇಕು. ಶರಬತ್ತಿಗೆ ಬಟ್ಟೆಯ ಬಣ್ಣ ಹಾಕುತ್ತಿದ್ದ ಕಾಲದಲ್ಲೂ, ತೋಫುವಿಗೆ ಫಾರ್ಮಾಲಿನ್ ಬೆರೆಸುತ್ತಾರೆಂದು ಜನ ಸಂತೆಗೇ ಹೋಗದಿದ್ದ ಕಾಲದಲ್ಲೂ, ಮಾಂಸದುಂಡೆಗೆ ಬಿಳಿಗಾರ ಹಾಕಿ ಪುಟಿಯುವಂತೆ ಮಾಡುತ್ತಾರೆಂಬ ಗಲಾಟೆಯ ಕಾಲದಲ್ಲೂ ಜಿಲ್ಲೆಯ ಆಹಾರ ಪರೀಕ್ಷಾಲಯದ ಮೇಜಿನ ಹಿಂದೆ ಇದ್ದವರು ಅವರು. ಅರವತ್ತು ತುಂಬಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಇಪ್ಪತ್ತು ವರ್ಷ ಕೆಲಸ ಮಾಡಿದ ನನಗೆ ಈ ಅಭಿನಂದನ ಗ್ರಂಥದಲ್ಲಿ ಕೆಲವು ಮಾತು ಬರೆಯುವ ಅವಕಾಶ ಸಿಕ್ಕಿದೆ.

ಅವರು ಕೆಲಸಕ್ಕೆ ಸೇರಿದ್ದು ೧೯೮೮ರಲ್ಲಿ. ಮೊದಲ ಹತ್ತು ವರ್ಷ ಅವರ ಹೆಚ್ಚಿನ ಹೊತ್ತು ಕಳೆದದ್ದು ಅಕ್ಕಿಹಪ್ಪಳ ಮಾಡುವವರ ಅಂಗಳಗಳಲ್ಲಿ. ನಮ್ಮ ಕಡೆ ಹಪ್ಪಳದ ಹಿಟ್ಟಿಗೆ ‘ಬ್ಲೆಂಗ್’ ಎಂಬ ಚೌಳುಪ್ಪಿನ ನೀರು ಹಾಕುವುದು ಹಿಂದಿನಿಂದ ಬಂದ ರೂಢಿ. ಅದರಲ್ಲಿ ಇರುವುದು ಬಿಳಿಗಾರವೇ. ಅದನ್ನು ಬಿಡಿ ಎಂದರೆ ಜನ ಕೆರಳುತ್ತಿದ್ದರು. ಒಬ್ಬ ಮುದುಕ ಅವರನ್ನು ಹೀಗೆ ಎದುರಿಸಿದ್ದನಂತೆ:

“ನಮ್ಮಜ್ಜನ ಕಾಲದಿಂದ ತಿಂತಾ ಇದೀವಿ ಬು. ಯಾರ್ ಸತ್ರು ಹೇಳಿ ನೋಡೋಣ?”

“ಎಲ್ರೂ ಸತ್ರಲ್ಲ ಪಾಕ್! ಯಾರು ಯಾತಕ್ಕೆ ಸತ್ರು ಅಂತ ನಿಮ್ಮಜ್ಜ ಬರೆದಿಟ್ಟಿದ್ರಾ?”

‘ಪಾಕ್’ ಎಂದು ಅಪ್ಪನನ್ನು ಕರೆವಂತೆ ಮರ್ಯಾದೆಯಿಂದ ಕರೆದೇ ಹಾಗೆ ಕೇಳಿದ್ದಕ್ಕೆ ಮುದುಕ ನಕ್ಕುಬಿಟ್ಟ. ಮುಂದಿನ ಸಲ ಹೋದಾಗ ಬ್ಲೆಂಗ್ ಇಲ್ಲದ ಹಪ್ಪಳವನ್ನು ಕರಿದು ಕೊಟ್ಟು, “ಇದು ಬಾಯಲ್ಲಿ ಮುರಿಯಲ್ಲ, ಹಲ್ಲನ್ನ ಮುರಿಯುತ್ತೆ” ಎಂದನಂತೆ. ಅದಕ್ಕೆ ಬು ಪಾರ್ಯಾತಿ ಅವರು ಎರಡು ವರ್ಷ ಬೇರೆ ಬೇರೆ ಅಳತೆಯ ಹಿಟ್ಟು, ಉಪ್ಪು, ಬಿಸಿಲು ಇವನ್ನೆಲ್ಲ ಪ್ರಯೋಗಿಸಿ, ಬ್ಲೆಂಗ್ ಇಲ್ಲದೆಯೇ ಹಪ್ಪಳ ಗರಿಗರಿಯಾಗುವವರೆಗೂ ಬಿಡಲಿಲ್ಲ.

ಅವರದೊಂದು ನಿಯಮವಿತ್ತು. ಪರೀಕ್ಷೆಯ ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅದು ಮೇಲಧಿಕಾರಿಯ ಮೇಜಿಗೆ ಹೋಗುವ ಮೊದಲು ಆ ತಿಂಡಿ ಮಾಡಿದವರ ಕಿವಿಗೆ, ಅವರದೇ ಮನೆಯಲ್ಲಿ, ಬೀಳಬೇಕು. ನಿಯಮಾವಳಿಯಲ್ಲಿ ಹೀಗೆಂದು ಎಲ್ಲೂ ಇರಲಿಲ್ಲ. ೨೦೦೩ರಲ್ಲಿ ಗುತ್ತಿಗೆಯ ಮೇಲೆ ಸೇರಿದ ನನಗೆ ಇದು ವೃಥಾ ಅಲೆದಾಟವೆಂದು ಕಂಡಿತ್ತು. ಸ್ವಭಾವತಃ ನಾನು ಹೆದರುವವಳು. ಒಂದು ತೂಕವನ್ನು ಮೂರು ಸಲ ನೋಡದೆ ಬರೆಯುತ್ತಿರಲಿಲ್ಲ, ಬೀದಿಯ ತಿಂಡಿ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ ಅನ್ನವನ್ನು ಮೂಸಿ ನೋಡುತ್ತಿದ್ದುದನ್ನು ಕಂಡು ಅವರು, “ನೂನಿಂಗ್, ನಿನ್ನ ಭಯ ಲ್ಯಾಬಿಗೆ ಒಳ್ಳೇದು ಕಣೆ. ಊಟಕ್ಕೆ ಬೇಡ” ಎಂದು ತಮ್ಮ ಪಲ್ಯವನ್ನು ನನ್ನ ತಟ್ಟೆಗೆ ಬಡಿಸಿದ್ದರು.

ಆ ಭಯದಿಂದಲೇ ನಡೆದದ್ದನ್ನು ಇಲ್ಲಿ ಹೇಳಬೇಕು.

೨೦೦೬ರ ಆರಂಭ. ಫಾರ್ಮಾಲಿನ್ ಸುದ್ದಿಯಿಂದ ಊರೆಲ್ಲ ಗಾಬರಿಯಾಗಿತ್ತು. ಮನೆಯಲ್ಲೇ ಮಾಡಬಹುದಾದ ಬಿಳಿಗಾರದ ಪರೀಕ್ಷೆಯನ್ನು ಮಹಿಳಾ ಸಂಘಗಳಿಗೆ ಕಲಿಸಲು ಒಂದು ಕರಪತ್ರ ಹೊರಡಿಸಬೇಕೆಂದು ಮೇಲಧಿಕಾರಿಗಳು ಹೇಳಿದರು. ಅದನ್ನು ಬರೆಯುವ ಕೆಲಸ ನನ್ನದಾಯಿತು. ಹಲ್ಲುಕಡ್ಡಿಯನ್ನು ಅರಿಶಿನದ ರಸದಲ್ಲಿ ನೆನೆಸಿ ತಿಂಡಿಗೆ ಚುಚ್ಚಬೇಕು. ಕಡ್ಡಿ ಕೆಂಪಾದರೆ ಅದರ ಮೇಲೆ ನಿಂಬೆರಸ ಹಿಂಡಬೇಕು. ಒಣಗಿದ ಮೇಲೂ ಕೆಂಪು ಉಳಿದರೆ ಮಾತ್ರ ಅನುಮಾನಪಟ್ಟು ನಮಗೆ ಕಳಿಸಬೇಕು. ಇಷ್ಟನ್ನೂ ಬರೆದು ಬು ಪಾರ್ಯಾತಿ ಅವರಿಗೆ ತೋರಿಸಿ ಒಪ್ಪಿಗೆ ಪಡೆದೆ. ಆಮೇಲೆ ಮುದ್ರಣಕ್ಕೆ ಕೊಡುವ ದಿನ, ಸಾಲುಗಳು ಜಾಸ್ತಿಯಾದವೆಂದು ನಿಂಬೆರಸದ ಮಾತನ್ನು ನಾನೇ ತೆಗೆದುಹಾಕಿದೆ. ಜಾಗದ ಕೊರತೆ ನೆಪ ಮಾತ್ರ. ನಿಂಬೆರಸ ಹಿಂಡಿ ಗಲಿಬಿಲಿ ಮಾಡಿಕೊಂಡು ಯಾರಾದರೂ ನಿಜವಾದ ಬಿಳಿಗಾರವನ್ನು ತಿಂದುಬಿಟ್ಟರೆ ಎಂಬ ಹೆದರಿಕೆ ನನ್ನದು. ಅನುಮಾನ ಸ್ವಲ್ಪ ಹೆಚ್ಚಾದರೆ ಯಾರಿಗೇನು ನಷ್ಟ ಎಂದುಕೊಂಡೆ. ಮೊದಲೇ ಓದಿದ್ದೇನಲ್ಲ ಎಂದು ಅವರು ಕೊನೆಯ ಪ್ರತಿಯನ್ನು ಓದದೆ ಸಹಿ ಹಾಕಿದರು.

ಸುಣ್ಣ ತಾಗಿದರೂ ಅರಿಶಿನ ಕೆಂಪಾಗುತ್ತದೆ. ಗಾಯಕ್ಕೆ ಪಟ್ಟು ಹಾಕುವ ಅಜ್ಜಿಯರಿಗೆಲ್ಲ ಗೊತ್ತಿರುವ ವಿಷಯ ಇದು. ಸುಣ್ಣದ ಕೆಂಪು ನಿಂಬೆರಸಕ್ಕೆ ಅಳಿಯುತ್ತದೆ, ಬಿಳಿಗಾರದ್ದು ಉಳಿಯುತ್ತದೆ. ದಾವೆತ್ ಎಂಬ ತಂಪು ಪಾನೀಯ ಮಾಡುವವರು ಅಕ್ಕಿಹಿಟ್ಟಿನ ಹಸಿರು ಎಳೆಗಳು ಮುದ್ದೆಯಾಗದಿರಲೆಂದು ಎಲೆಗೆ ಹಚ್ಚುವ ಸುಣ್ಣದ ತಿಳಿನೀರು ಹಾಕುತ್ತಾರೆ. ತೆಂಗಿನಹಾಲು, ಬೆಲ್ಲದ ಪಾಕದ ಜೊತೆ ಅದನ್ನು ನಾವೆಲ್ಲ ಹುಟ್ಟಿದಾಗಿನಿಂದ ಕುಡಿದಿದ್ದೇವೆ. ಕರಪತ್ರ ಹಂಚಿದ ಎರಡನೆಯ ವಾರ, ಪ್ರಾಥಮಿಕ ಶಾಲೆಯ ಗೇಟಿನ ಬಳಿ ಹತ್ತೊಂಬತ್ತು ವರ್ಷದಿಂದ ದಾವೆತ್ ಮಾರುತ್ತಿದ್ದ, ಎಲ್ಲರೂ ‘ಯು’ ಅಂದರೆ ಅಕ್ಕ ಎಂದು ಕರೆಯುವ ತುಗಿರಾ ಅವರ ಮಡಕೆಯಿಂದ ಎಳೆಗಳನ್ನು ತರಿಸಿ, ಸಂಘದ ಹೆಂಗಸರು ಸಭೆಯ ನಡುವೆ ಕಡ್ಡಿ ಚುಚ್ಚಿದರು. ಕಡ್ಡಿ ಕೆಂಪಾಯಿತು. ಮರುದಿನ ಶಾಲೆಯವರು ಅವರನ್ನು ಗೇಟಿನಿಂದ ಎಬ್ಬಿಸಿದರು. ಮೂರನೆಯ ದಿನ ಪತ್ರಿಕೆಯಲ್ಲಿ ‘ಮಕ್ಕಳಿಗೆ ವಿಷದ ದಾವೆತ್’ ಎಂದು ಬಂತು.

ಮಾದರಿ ನಮ್ಮಲ್ಲಿಗೆ ಬಂದಾಗ ಪರೀಕ್ಷೆ ಮಾಡಿದವಳು ನಾನೇ. ಮೂರು ಸಲ ಮಾಡಿದೆ. ಬಿಳಿಗಾರ ಇರಲಿಲ್ಲ. ಫಲಿತಾಂಶದ ಹಾಳೆಯ ಜೊತೆ ಕರಪತ್ರದ ಮೊದಲ ಕರಡನ್ನೂ ಅವರ ಮುಂದಿಟ್ಟು, ಏನು ಮಾಡಿದ್ದೆನೋ ಹೇಳಿದೆ. ಅವರು ಎರಡನ್ನೂ ಓದಿದರು. “ಚಪ್ಪಲಿ ಹಾಕ್ಕೊ, ಹೋಗೋಣ” ಎಂದಷ್ಟೇ ಹೇಳಿದರು.

ಯು ತುಗಿರಾ ಮನೆಯ ಮುಂದೆ ಖಾಲಿ ಮಡಕೆ ಕವುಚಿಹಾಕಿ ಕೂತಿದ್ದರು. ಫಲಿತಾಂಶ ಕೇಳಿ ಅವರ ಮುಖ ಅರಳುತ್ತದೆಂದು ನಾನು ಎಣಿಸಿದ್ದೆ.

“ಬಿಳಿಗಾರ ಇಲ್ಲ ಅಂತ ನಂಗೆ ಹೇಳೋಕೆ ಇಷ್ಟು ದೂರ ಬಂದ್ರಾ ಬು? ಅದು ನಂಗೆ ಮೊದ್ಲೇ ಗೊತ್ತಿತ್ತಲ್ಲ. ಗೊತ್ತಿಲ್ದೋರಿಗೆ ಹೋಗಿ ಹೇಳಿ.”

ಆ ತಿಂಗಳ ಕೊನೆಗೆ ಜಿಲ್ಲಾ ಸಭಾಂಗಣದಲ್ಲಿ ಆಹಾರ ಸುರಕ್ಷತೆಯ ಬಹಿರಂಗ ಚರ್ಚೆ ನಿಗದಿಯಾಗಿತ್ತು. ಅಲ್ಲಿ ಮಾತನಾಡುವವರ ಪಟ್ಟಿಗೆ ಬು ಪಾರ್ಯಾತಿ ಅವರು ಅಂದೇ ತಮ್ಮ ಹೆಸರು ಬರೆಸಿದರು. ಮೇಲಧಿಕಾರಿ ಪಾಕ್ ಹೆರ್ತಾಂತೊ ಅವರು ಕರೆಸಿ ಬೇಡವೆಂದರು.

“ಒಂದು ಮಡಕೆ ದಾವೆತ್‌ಗೋಸ್ಕರ ಇಡೀ ಜಿಲ್ಲೆ ನಮ್ಮನ್ನ ನೋಡಿ ನಗ್ಬೇಕಾ ಬು? ಕಡ್ಡೀನ ಜನ ನಂಬದೆ ಹೋದ್ರೆ ಮಾಂಸದುಂಡೆಯೋರು ಹಬ್ಬ ಮಾಡ್ತಾರೆ. ಸುಮ್ನಿರಿ, ಎರಡು ತಿಂಗಳಲ್ಲಿ ಮರೀತಾರೆ.”

“ಕುಡಿಯೋರು ಮರೀತಾರೆ ಪಾಕ್. ಮಾರೋಳು?”

ಮೇಲಧಿಕಾರಿಯ ವಾದದಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ನಂಬಿಕೆ ಒಮ್ಮೆ ಹೋದರೆ ನಿಜವಾದ ವಿಷವನ್ನೂ ಜನ ನಕ್ಕು ನುಂಗುತ್ತಾರೆ. ಸಭೆಯಲ್ಲಿ ಆದದ್ದೂ ಹಾಗೆಯೇ. ಬು ಪಾರ್ಯಾತಿ ಅವರು ವೇದಿಕೆಯ ಮೇಲೆ ಅರಿಶಿನಕ್ಕೆ ಸುಣ್ಣ ಮುಟ್ಟಿಸಿ, ಕೆಂಪಾದದ್ದನ್ನು ತೋರಿಸಿ, ನಿಂಬೆರಸ ಹಿಂಡಿ ಮತ್ತೆ ಹಳದಿ ಮಾಡಿ, ಕರಪತ್ರ ತಪ್ಪಾಗಿತ್ತು, ಯು ತುಗಿರಾ ಅವರ ದಾವೆತ್‌ನಲ್ಲಿ ದೋಷವಿಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಮಾಂಸದುಂಡೆ ವ್ಯಾಪಾರಿಗಳ ಮುಖಂಡ ಎದ್ದು ನಿಂತ.

“ಕೇಳಿದ್ರಾ? ಅರಿಶಿನ ಸುಳ್ಳು ಹೇಳುತ್ತೆ ಅಂತ ಸರ್ಕಾರವೇ ಒಪ್ಕೊಂಡ್ಬಿಡ್ತು! ಹಾಗಾದ್ರೆ ನಮ್ಮ ಉಂಡೆನೂ ಸಾಚಾ!”

“ಅರಿಶಿನ ಸುಳ್ಳು ಹೇಳ್ಲಿಲ್ಲ ಪಾಕ್. ನಾವು ಅರ್ಧ ಹೇಳಿದ್ವಿ. ಹೊರಗೆ ನಿಮ್ಮ ಗಾಡಿ ನಿಂತಿದೆಯಲ್ಲ, ಎರಡು ಉಂಡೆ ತರಿಸಿ. ನಿಂಬೆಹಣ್ಣು ಇನ್ನೂ ಉಳಿದಿದೆ.”

ಆತ ಗಡಿಯಾರ ನೋಡಿಕೊಂಡು ಬಾಗಿಲ ಕಡೆ ಸರಿದಾಗ ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ನಿಧಾನ ಪಾಕ್, ಉಂಡೆ ಸಾರು ಚೆಲ್ಲುತ್ತೆ!”

ನಗುವಿನ ನಡುವೆ ಪತ್ರಿಕೆಯ ವರದಿಗಾರ ಒಂದೇ ಪ್ರಶ್ನೆ ಕೇಳಿದ: ಈ ಕರಪತ್ರ ಬರೆದವರು ಯಾರು? ನಾನು ಮೂರನೆಯ ಸಾಲಿನಲ್ಲಿದ್ದೆ. ನನ್ನ ಗುತ್ತಿಗೆ ನವೀಕರಣಕ್ಕೆ ಇನ್ನು ಆರು ವಾರವಿತ್ತು. ಏಳಬೇಕೆಂದು ಕುರ್ಚಿಯ ಅಂಚು ಹಿಡಿದೆ. ಏಳಲಿಲ್ಲ.

“ಕೆಳಗೆ ಹೆಸರಿದೆಯಲ್ಲಪ್ಪ, ಓದು” ಎಂದರು ಬು ಪಾರ್ಯಾತಿ.

ಅವನು ಅವರ ಹೆಸರನ್ನು ಗಟ್ಟಿಯಾಗಿ ಓದಿದ.

ಅವರಿಗೆ ವಾಗ್ದಂಡನೆಯ ಪತ್ರ ಬಂತು. ಪ್ರಾಂತ್ಯದ ಪರೀಕ್ಷಾಲಯದ ಮುಖ್ಯಸ್ಥರ ಹುದ್ದೆಗೆ ಅವರ ಹೆಸರು ಹೋಗಿತ್ತು, ಅದು ಬೇರೆಯವರಿಗಾಯಿತು. ನನ್ನ ಗುತ್ತಿಗೆ ನವೀಕರಣವಾಯಿತು, ಮರುವರ್ಷ ಕೆಲಸ ಕಾಯಂ ಆಯಿತು. ನಿಂಬೆರಸದ ಸಾಲು ಸೇರಿದ ಹೊಸ ಕರಪತ್ರವನ್ನು ಅವರೂ ನಾನೂ ಸಂಘದಿಂದ ಸಂಘಕ್ಕೆ ಹೋಗಿ ಕೈಯಾರೆ ಕೊಟ್ಟೆವು. ಶಾಲೆಯವರು ಯು ತುಗಿರಾ ಅವರನ್ನು ಮತ್ತೆ ಕರೆದರು, ಆದರೆ ಮಕ್ಕಳು ಮೊದಲಿನಂತೆ ಮುತ್ತಲಿಲ್ಲ. ಒಂದು ವರ್ಷ ಕಾದು ಅವರು ಐದು ದಿನಕ್ಕೊಮ್ಮೆ ‘ಪೊನ್’ ದಿನ ಸೇರುವ ಸಂತೆಗೆ ವ್ಯಾಪಾರ ಬದಲಿಸಿದರು. ಬು ಪಾರ್ಯಾತಿ ಅವರು ಪ್ರತಿ ಪೊನ್ ದಿನ ಅಲ್ಲಿ ಎಲ್ಲರ ಎದುರು ನಿಂತು ಒಂದು ಲೋಟ ಕುಡಿಯುತ್ತಿದ್ದುದನ್ನು ನಾನು ನೋಡಿದ್ದೇನೆ. ಸಕ್ಕರೆ ಕಾಯಿಲೆ ಬಂದ ಮೇಲೆ ಅರ್ಧ ಲೋಟ.

ಈ ಗ್ರಂಥಕ್ಕೆ ಲೇಖನ ಕೇಳಿದಾಗ, ಆ ಸಾಲು ತೆಗೆದವಳು ನಾನೆಂದು ಬರೆಯಲು ಅವರ ಅಪ್ಪಣೆ ಬೇಡಿದೆ. “ಬರಿ. ಓದದೆ ಸಹಿ ಹಾಕಿದ್ದು ನಾನು ಅಂತಾನೂ ಬರಿ” ಎಂದರು. ಎರಡನ್ನೂ ಬರೆದಿದ್ದೇನೆ.

ಯು ತುಗಿರಾ ಅವರನ್ನು ಬೀಳ್ಕೊಡುಗೆ ಸಮಾರಂಭಕ್ಕೆ ಕರೆಯಲು ಕಳೆದ ವಾರ ಸಂತೆಗೆ ಹೋಗಿ, ನಡೆದದ್ದನ್ನು ಅವರಿಗೂ ಹೇಳಿದೆ. ಅವರು ಸೌಟು ಕೆಳಗಿಡದೆ ಕಾದಿದ್ದವರಿಗೆ ಒಂದು ಲೋಟ ತುಂಬಿ ಕೊಟ್ಟರು.

“ಅವತ್ತು ಪೊನ್, ನಾನು ಬರಲ್ಲ. ಆ ಅಮ್ಮಂಗೆ ದೇವರು ಆಯುಸ್ಸು ಕೊಡ್ಲಿ, ಕೈಕಾಲು ಗಟ್ಟಿ ಇಡ್ಲಿ, ಸುಮ್ನೆ ಮನೇಲಿ ಕೂರೋ ಹಾಗೆ ಮಾಡ್ದೆ ಇರ್ಲಿ. ಇದನ್ನ ನಾನು ಹೇಳ್ದೆ ಅಂತ ಪುಸ್ತಕದಲ್ಲಿ ಹಾಕು. ನಿಂಗೆ ಏನು ಹೇಳ್ಬೇಕೋ ಇನ್ನೊಂದು ದಿನ ಹೇಳ್ತೀನಿ.”

ಬು ಪಾರ್ಯಾತಿ ಅವರಿಗೆ ನನ್ನ ಹಾರೈಕೆಯೂ ಅದೇ. ಅದನ್ನು ಯು ತುಗಿರಾ ಅವರ ಮಾತಿನಲ್ಲೇ, ಅವರ ಹೆಸರಿನಲ್ಲೇ ಇಲ್ಲಿ ಹಾಕಿದ್ದೇನೆ. ಅವರು ನನಗೆಂದು ಉಳಿಸಿದ ಇನ್ನೊಂದು ಮಾತನ್ನು ಕೇಳಲು ಬರುವ ಪೊನ್‌ಗೆ ಸಂತೆಗೆ ಹೋಗುತ್ತೇನೆ.